ಮೊದಲ ನೀರು

ಸುನಂದಮ್ಮನ ಮನೆಯಲ್ಲಿ ಹಂದಿ ಮಾಂಸಕ್ಕೆ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ಕುರಿ ಬರಬಹುದು, ಕೋಳಿ ಬರಬಹುದು, ಚುಂಚನಕಟ್ಟೆಯ ತವರಿನವರು ತಂದುಕೊಟ್ಟ ಹೊಳೆಮೀನಂತೂ ನೆಂಟರ ಮರ್ಯಾದೆಯಲ್ಲೇ ಒಳಗೆ ಬರಬಹುದು. ಹಂದಿ ಮಾತ್ರ ಕೊಟ್ಟಿಗೆಯಲ್ಲೇ ಬೇಯಬೇಕು, ಕೊಟ್ಟಿಗೆಯಲ್ಲೇ ಉಣ್ಣಬೇಕು, ಉಂಡವರು ತಲೆಗೆ ನೀರು ಹುಯ್ದುಕೊಂಡೇ ಒಳಗೆ ಕಾಲಿಡಬೇಕು. ಅದಕ್ಕೆಂದೇ ಒಂದು ಬೋಸಿ, ಒಂದು ಸೌಟು ಕೊಟ್ಟಿಗೆಯ ಗೋಡೆಗೆ ಬೋರಲಾಗಿ ತೂಗುತ್ತಿದ್ದವು. ಪಿರಿಯಾಪಟ್ಟಣದ ಸುತ್ತಿನ ಎಷ್ಟೋ ಒಕ್ಕಲು ಮನೆಗಳಲ್ಲಿ ಈ ಕಟ್ಟುಪಾಡು ಉಂಟು, ಅದರಲ್ಲಿ ಹೊಸದೇನಿಲ್ಲ. ಆದರೆ ಫ್ರಿಜ್ಜನ್ನು ಕೂಡ ಹೊಸ್ತಿಲಿನಾಚೆ, ಜಗಲಿಯ ಮೇಲೆ, ಕಬ್ಬಿಣದ ಜಾಲರಿಯ ಹಿಂದೆ ಕೂರಿಸಿದ ಮನೆ ಆ ಕೊಪ್ಪಲಿನಲ್ಲಿ ಇದೊಂದೇ. ದಾರಿಹೋಕರು ಅದನ್ನು ನೋಡಿ, ಈ ಮನೆಯವರು ಯಾವುದೋ ಅಂಗಡಿ ಇಟ್ಟಿದ್ದಾರೆಂದು ತಣ್ಣನೆ ಸೋಡಾ ಕೇಳಿದ್ದೂ ಉಂಟು.

ಆ ಫ್ರಿಜ್ಜು ಬಂದದ್ದು ಸೊಸೆ ಪವಿತ್ರಳ ದೆಸೆಯಿಂದ. ಪವಿತ್ರ ಬೈಲಕುಪ್ಪೆಯ ಪಕ್ಕದ ಊರಿನವಳು. ಹದಿನಾರು ವರ್ಷಕ್ಕೇ ಟಿಬೆಟಿನವರ ಕ್ಯಾಂಪಿನಲ್ಲಿ ಒಬ್ಬ ಮುದುಕಿಯ ಪುಟ್ಟ ಹೋಟೆಲಿಗೆ ಪಾತ್ರೆ ತೊಳೆಯಲು ಸೇರಿಕೊಂಡು, ಏಳು ವರ್ಷ ತುಂಬುವಷ್ಟರಲ್ಲಿ ಒಲೆಯ ಮುಂದಕ್ಕೆ ಬಂದಿದ್ದಳು. ಸುನಂದಮ್ಮನ ಮಗ ನಟರಾಜುವನ್ನು ಮದುವೆಯಾಗಿ ಬರುವಾಗ ತವರಿನ ಹಿತ್ತಾಳೆ ಬಿಂದಿಗೆಯ ಜೊತೆಗೆ ಆ ಮುದುಕಿ ಕಲಿಸಿದ ಅಡುಗೆಯೊಂದನ್ನೂ ತಂದಳು. ಹಂದಿ ಮಾಂಸವನ್ನು ಕೊಬ್ಬಿನ ಸಮೇತ ಬೆರಳುದ್ದ ಕುಯ್ದುಕೊಳ್ಳುವುದು. ಅದಕ್ಕೆ ಸೋಯಾ ಸಾಸ್, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಈರುಳ್ಳಿ ಹೂವಿನ ದಂಟು, ಹುರಿದ ಎಳ್ಳಿನ ಎಣ್ಣೆ, ಕಾಕನಕೋಟೆ ಕಾಡಿನಿಂದ ಬಂದ ಜೇನುತುಪ್ಪ ಹಾಕಿ ಚೆನ್ನಾಗಿ ತಿಕ್ಕುವುದು. ಕೊನೆಗೆ ಕ್ಯಾಂಪಿನವರು ಎರ್ಮ ಎನ್ನುವ ಕೆಂಚು ಬಣ್ಣದ ಒಣ ಸಿಪ್ಪೆಯನ್ನು ಕುಟ್ಟಿ ಉದುರಿಸುವುದು. ಅದು ನಮ್ಮ ಕಾಡಿನ ಜುಮ್ಮನಕಾಯಿಯ ದಾಯಾದಿ; ನಾಲಿಗೆಗೆ ತಾಕಿದರೆ ಸಾಕು, ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಹೀಗೆ ಕಲಸಿದ್ದನ್ನು ಒಂದು ರಾತ್ರಿ ಮುಚ್ಚಿಟ್ಟು, ಆಮೇಲೆ ಒಂದು ತೊಟ್ಟು ನೀರೂ ಹಾಕದೆ ಅದರದೇ ರಸದಲ್ಲಿ ಬೇಯಿಸಿ, ರಸ ಇಂಗಿ ಬೆಲ್ಲದ ಪಾಕದಂತೆ ಮಿರುಗುವವರೆಗೆ ಬಾಣಲೆಯಲ್ಲಿ ಹೊರಳಿಸುವುದು. ಮೊಮ್ಮಗಳು ಚಿನ್ನು ಮಾತು ಕಲಿತಾಗಿನಿಂದ ಅದನ್ನು ಜುಮ್ ಬಾಡು ಎಂದೇ ಕರೆಯುತ್ತಿದ್ದಳು.

ಒಂದು ರಾತ್ರಿ ಮುಚ್ಚಿಡುವುದೇ ಜಗಳದ ಮೂಲವಾಯಿತು. ಹಂದಿ ಕುಯ್ಯುವ ಮಂಟಯ್ಯ ಹುಣಸೆಮರದ ಕೆಳಗೆ ಅಂಗಡಿ ಹೂಡುತ್ತಿದ್ದುದು ಭಾನುವಾರ ಮಾತ್ರ. ಭಾನುವಾರ ತಂದು ಕಲಸಿದ ಮಾಂಸ ಬೇಯುವ ಹದಕ್ಕೆ ಬರುವುದು ಸೋಮವಾರ. ಸೋಮವಾರ ನಂಜುಂಡನ ವಾರ, ಆ ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವಂತಿಲ್ಲ. ಆದ್ದರಿಂದ ಮಂಗಳವಾರದ ತನಕ ಕಾಯಲೇಬೇಕು, ಕಾಯಲು ಫ್ರಿಜ್ಜು ಬೇಕು, ಫ್ರಿಜ್ಜಿನಲ್ಲಿ ಹಂದಿ ಇಟ್ಟರೆ ಫ್ರಿಜ್ಜು ಒಳಗೆ ಬರಕೂಡದು. ಅತ್ತೆ ಸೊಸೆ ಹದಿನೈದು ದಿನ ಮಾತು ಬಿಟ್ಟ ಮೇಲೆ ಜಗಲಿಯ ರಾಜಿ ಆಯಿತು. ಆಗಿನ್ನೂ ಬದುಕಿದ್ದ ಯಜಮಾನ ಮಹದೇವಪ್ಪ ಹೆಂಡತಿಯ ಮುಂದೆ ಹೆಂಡತಿಯ ಪಕ್ಷ, ಮಂಗಳವಾರ ಮಾತ್ರ ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ಸೊಸೆಯ ಪಕ್ಷ. ಬಾಯಿ ಒರೆಸಿಕೊಂಡು ಬರುತ್ತಿದ್ದ. ಆ ವಾಸನೆಯನ್ನು ಬಟ್ಟೆಯಿಂದ ಒರೆಸಲಾಗುತ್ತದೆಯೆ? ಸುನಂದಮ್ಮನಿಗೆ ಎಲ್ಲ ಗೊತ್ತಿತ್ತು.

ಅವಳು ಮಾತ್ರ ತಿಂದಿರಲಿಲ್ಲ. ತವರಿನಲ್ಲಿ ತಿಂದು ಬೆಳೆದವಳೇ. ನಟರಾಜು ಎಂಟು ತಿಂಗಳ ಕೂಸಾಗಿದ್ದಾಗ ಫಿಟ್ಸ್ ಬಂದು ಕಣ್ಣು ಮೇಲೆ ಸಿಕ್ಕಿಕೊಂಡಾಗ, ಮಗು ಉಳಿದರೆ ಹಂದಿಯನ್ನು ಸಾಯುವ ತನಕ ನಾಲಿಗೆಗೆ ಸೋಕಿಸುವುದಿಲ್ಲ ಎಂದು ನಂಜನಗೂಡಿಗೆ ಹರಕೆ ಹೊತ್ತಳು. ಮಗು ಉಳಿಯಿತು. ನಲವತ್ತು ವರ್ಷ ಹರಕೆಯೂ ಉಳಿಯಿತು. ಗಂಡನಿಗೆ ಬೇಯಿಸಿಕೊಟ್ಟಿದ್ದಾಳೆ, ಆದರೆ ಉಪ್ಪು ಸರಿಯಾಗಿದೆಯೆ ಎಂದು ಸೌಟಿನ ತುದಿಯನ್ನೂ ನೆಕ್ಕಿದವಳಲ್ಲ.

ಬೇಯಿಸುವ ಕ್ರಮ ಮಾತ್ರ ಅವಳ ಕೈಗೆ ರಕ್ತದಲ್ಲೇ ಬಂದಿತ್ತು. ಉಪ್ಪು ಅರಿಸಿನ ಹಾಕಿ ಮೂರು ಸಲ ತೊಳೆಯಬೇಕು. ಸೀಬೆ ಎಲೆ ಹಾಕಿ ಒಂದು ಕುದಿ ಕುದಿಸಬೇಕು. ಆ ಮೊದಲ ನೀರನ್ನು ದನ ನೆಕ್ಕದ ಜಾಗದಲ್ಲಿ ಬಸಿದು ಚೆಲ್ಲಬೇಕು. ಹಂದಿಯ ನಂಜೆಲ್ಲ ಮೊದಲ ನೀರಿನಲ್ಲಿ ಹೋಗುತ್ತದೆ, ಚೆಲ್ಲದೆ ತಿಂದ ಮನೆಗೆ ಕಜ್ಜಿ ತಪ್ಪಿದ್ದಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು, ತಾಯಿಯ ತಾಯಿಯೂ ಹೇಳುತ್ತಿದ್ದಳು. ಸೊಸೆ ತೊಳೆದ ಶಾಸ್ತ್ರ ಮಾಡಿ ಕಲಸಿಟ್ಟಿದ್ದನ್ನು ನೇರ ಬಾಣಲೆಗೆ ಸುರಿಯುವುದನ್ನು ಕಂಡಾಗಲೆಲ್ಲ ಸುನಂದಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ಮೊದ್ಲುನೀರ್ ಚೆಲ್ದೆ ತಿನ್ನಾ ಜನುವಾ ಇವ್ಳ ಕೈಲೇ ನೋಡಿದ್ದು ಕಣಪ್ಪ” ಎಂದು ಹಸುವಿಗೆ ಹೇಳುತ್ತಿದ್ದಳು. ಪವಿತ್ರ ನಗುತ್ತಲೇ, “ರುಚಿಯೆಲ್ಲಾ ಆ ನೀರ್ನಾಗೇ ಇರಾದು ಅತ್ತೆ. ಚೆಲ್ಬುಟ್ರೆ ಇನ್ನೇನೈತೆ?” ಎನ್ನುತ್ತಿದ್ದಳು. ಸುನಂದಮ್ಮನ ಕಿವಿಗೆ ಅದು ಉತ್ತರವಾಗಿ ಬೀಳಲಿಲ್ಲ, ಎದುರುತ್ತರವಾಗಿ ಬಿತ್ತು. ಹನ್ನೊಂದು ವರ್ಷ ಹಾಗೆಯೇ ಬಿತ್ತು.

ಈ ವರ್ಷ ಜೂನ್ ತಿಂಗಳ ಒಂದು ಭಾನುವಾರ ಪವಿತ್ರ ಎಂದಿನಂತೆ ಮಾಂಸ ಕಲಸಿ, ಐಸ್‌ಕ್ರೀಮಿನ ಹಳೇ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, ಪೆನ್ನಿನಲ್ಲಿ ‘ಮಂಗಳವಾರ’ ಎಂದು ಬರೆದು ಮೇಲಿನ ಐಸ್ ಪೆಟ್ಟಿಗೆಯಲ್ಲಿಟ್ಟಳು. ಸೋಮವಾರ ರಾತ್ರಿ ಜ್ವರ ಬಂತು. ಮಂಗಳವಾರ ಮೈಸೂರಿಗೆ ಕರೆದುಕೊಂಡು ಹೋದರು. ಡೆಂಗಿ ಎಂದರು, ರಕ್ತ ಕೊಟ್ಟರು, ಪ್ಲೇಟ್‌ಲೆಟ್ ಎಂಬ ಬಿಳಿ ರಕ್ತ ಕೊಟ್ಟರು. ಮಾರನೇ ಸೋಮವಾರ ಅವಳನ್ನು ಹೊಲದ ಮೂಲೆಯಲ್ಲಿ ಮಾವನ ಪಕ್ಕ ಮಣ್ಣು ಮಾಡಿ ಬಂದರು. ಮೂವತ್ತನಾಲ್ಕು ವರ್ಷದ ಹೆಣ್ಣುಮಗಳು, ಎಂಟೇ ದಿನದ ಜ್ವರ.

ತಿಥಿ ಮುಗಿದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದ ನಟರಾಜು ಆ ಡಬ್ಬಿಯನ್ನು ನೋಡಿ, ಬಾಗಿಲು ಹಾಗೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಅಂದಿನಿಂದ ಅವನಿಗೆ ಬೆಳೆಗಿಂತ ಆ ಡಬ್ಬಿ ಹೆಚ್ಚಾಯಿತು. ಕರೆಂಟು ಹೋದರೆ ಫ್ರಿಜ್ಜಿಗೆ ಕಂಬಳಿ ಹೊದೆಸುತ್ತಿದ್ದ. ಆಗಸ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಊರೆಲ್ಲ ಕತ್ತಲಾದಾಗ, ಡಬ್ಬಿಗೆ ಒದ್ದೆ ಗೋಣಿ ಸುತ್ತಿ ಬೈಕಿನಲ್ಲಿ ಪಿರಿಯಾಪಟ್ಟಣಕ್ಕೆ ಒಯ್ದು, ಗೆಳೆಯ ಮಹೇಶ್‌ಕುಮಾರನ ಬೇಕರಿಯ ಐಸ್‌ಕ್ರೀಮ್ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಬಂದ. ಗಿರಾಕಿಗಳಿಗೆ ಗೊತ್ತಾದರೆ ಬೇಕರಿ ಮುಚ್ಚಬೇಕಾಗುತ್ತದೆಂದು ಮಹೇಶ್‌ಕುಮಾರ ಮೂರು ದಿನ ತಾನೇ ಐಸ್‌ಕ್ರೀಮ್ ತೆಗೆದುಕೊಟ್ಟನಂತೆ. ಜನ ನಕ್ಕರು. ಸುನಂದಮ್ಮ ನಗಲಿಲ್ಲ. ತನ್ನ ಸೋಮವಾರದ ಕಟ್ಟು ಇಲ್ಲದಿದ್ದರೆ ಆ ಡಬ್ಬಿಯೇ ಉಳಿಯುತ್ತಿರಲಿಲ್ಲ, ಸೊಸೆ ಜ್ವರ ಬರುವ ಮೊದಲು ತನ್ನ ಕೈಯಾರೆ ಬೇಯಿಸಿ ಗಂಡನಿಗೂ ಮಗಳಿಗೂ ಇಕ್ಕಿ, ತಾನೂ ಉಂಡು ಹೋಗುತ್ತಿದ್ದಳು ಎನ್ನುವುದು ಅವಳಿಗೆ ಹೊಳೆದಿತ್ತು. ಹೊಳೆದದ್ದನ್ನು ಯಾರಿಗೂ ಹೇಳಿರಲಿಲ್ಲ.

ಚಿನ್ನುವಿಗೆ ಎಂಟು ವರ್ಷ. ತಾಯಿ ಹೋದ ಮೇಲೆ ಆ ಹುಡುಗಿ ಬಾಡೂಟವನ್ನೇ ಬಿಟ್ಟಿದ್ದಳು. ಅಜ್ಜಿ ಕೋಳಿ ಮಾಡಿದರೆ ಸಾರು ಬಸಿದುಕೊಂಡು ತುಂಡನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದಳು. ಕೇಳಿದರೆ, “ಅಮ್ಮ ಮಡ್ಗಿರಾ ಡಬ್ಬಿ ಐತಲ್ಲ, ಅದುನ್ನೇ ತಿಂತೀನಿ” ಎನ್ನುತ್ತಿದ್ದಳು. ತಾಯಿ ಎಲ್ಲೋ ಊರಿಗೆ ಹೋಗಿದ್ದಾಳೆ, ಬುತ್ತಿ ಮಾತ್ರ ಇಟ್ಟು ಹೋಗಿದ್ದಾಳೆ ಎನ್ನುವಂತೆ ಹೇಳುತ್ತಿದ್ದಳು.

ಮಾರ್ಲಾಮಿ ಅಮಾವಾಸ್ಯೆಗೆ, ಮಹಾಲಯದ ದಿನ, ಪವಿತ್ರಳ ಮೊದಲ ಎಡೆ. ಆ ಕಡೆ ಎಡೆ ಎಂದರೆ ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಕ್ಕಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅರ್ಧ ಬಾಟಲಿ. ಡಬ್ಬಿ ತೆಗೆಯುವುದಾದರೆ ಅವತ್ತೇ ಎಂದು ತಾಯಿ ಮಗ ಇಬ್ಬರಿಗೂ ಮಾತಿಲ್ಲದೆ ಗೊತ್ತಿತ್ತು. ಹಿಂದಿನ ಸಂಜೆ ನಟರಾಜು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೊರಟಾಗ ಜಗಲಿಯಲ್ಲಿ ನಿಂತ. ಎಲೆ ಬಣ್ಣ ತಿರುಗುವ ಹೊತ್ತು, ಬೆಂಕಿ ಬಿಟ್ಟು ಬರುವಂತಿರಲಿಲ್ಲ. ನಾಲ್ಕು ದಿನದಿಂದ ಅವನ ಕಣ್ಣು ಕೆಂಡವಾಗಿತ್ತು.

“ಅವ್ವ, ನಾಳೀಕೆ ಅದುಕ್ಕೆ ನೀ ಏನೂ ಆಕ್ಬ್ಯಾಡ ಕಣವ್ವ. ಎಲ್ಲಾನೂ ಅವ್ಳೇ ಆಕಿ ಮಡ್ಗವ್ಳೆ” ಎಂದ.

“ಆಕಲ್ಲ ಬುಡು.”

“ಉಪ್ಪೂ ಬ್ಯಾಡ. ಆ ಸಾಸ್ನಾಗೇ ಇರ್ತದೆ.”

“ಆಯ್ತು ಕಣ್ಲಾ, ನಂಗೂ ಕಿವಿ ಐತೆ” ಎಂದಳು ಸುನಂದಮ್ಮ. ಸೆರಗಿನ ತುದಿ ಸುತ್ತುತ್ತ, “ಅದುನ್ನ ಒಳ್ಗೇ ಬೇಯುಸ್ತೀನಿ. ನನ್ ಒಲೆ ಮ್ಯಾಲೆ” ಎಂದಳು.

ನಟರಾಜು ತಾಯಿಯ ಮುಖ ನೋಡಿದ. ನಲವತ್ತು ವರ್ಷದಲ್ಲಿ ಆ ಬಾಯಿಂದ ಬಾರದ ಮಾತು. ಅವಳ ಭುಜ ಒಮ್ಮೆ ಮುಟ್ಟಿ ಹೋದ. ಬದುಕಿದ್ದಾಗ ಕೊಟ್ಟಿಗೆಯಲ್ಲಿ ಕೂರಿಸಿದವಳನ್ನು ನಾಳೆಯಾದರೂ ಒಲೆಯ ಮುಂದಕ್ಕೆ ಕರೆದುಕೊಳ್ಳುವೆನೆಂಬ ಸಮಾಧಾನ ಸುನಂದಮ್ಮನದು. ಏನೂ ಹಾಕಬೇಡ ಎಂದು ಮಗ ಹೇಳಿದ್ದ. ಏನೂ ಚೆಲ್ಲಬೇಡ ಎಂದೂ ಹೇಳಬೇಕಿತ್ತೆಂದು ಅವನಿಗಾದರೂ ಹೇಗೆ ಹೊಳೆಯಬೇಕು?

ಅಮಾವಾಸ್ಯೆಯ ಬೆಳಿಗ್ಗೆ ಸುನಂದಮ್ಮ ತಲೆಗೆ ನೀರು ಹುಯ್ದುಕೊಂಡಳು. ಅಡುಗೆಮನೆ ಸಾರಿಸಿ, ಒಲೆಗೆ ರಂಗೋಲಿ ಎಳೆದು, ಅರಿಸಿನ ಕುಂಕುಮ ಇಟ್ಟಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿಸುವಾಗ, ತಡೆಯಲಾರದೆ, “ಬಲಗಾಲಿಟ್ ಬಾ ಕಣವ್ವ” ಎಂದುಬಿಟ್ಟಳು. ಆಮೇಲೆ ಯಾರಾದರೂ ಕೇಳಿದರೇನೋ ಎಂದು ನಾಚಿಕೆಪಟ್ಟಳು. ಯಾರೂ ಇರಲಿಲ್ಲ. ಚಿನ್ನು ಬಾಳೆ ಎಲೆಗೆ ಪಕ್ಕದ ತೋಟಕ್ಕೆ ಹೋಗಿದ್ದಳು. ಮುಚ್ಚಳದ ಮೇಲಿದ್ದ ‘ಮಂಗಳವಾರ’ದ ಪ್ಲಾಸ್ಟರನ್ನು ಹರಿಯದಂತೆ ಬಿಡಿಸಿ ಗೋಡೆಗೆ ಅಂಟಿಸಿದಳು.

ಐಸು ಕರಗಿತು. ಡಬ್ಬಿಯ ತಳದಲ್ಲಿ ಕರಿಗಂದು ನೀರು, ಅದರಲ್ಲಿ ಮುಳುಗಿದ ತುಂಡುಗಳು, ಮೇಲೆ ತೇಲುವ ಸಿಪ್ಪೆಯ ಚೂರುಗಳು. ನಾಲ್ಕು ತಿಂಗಳ ಮಾಂಸ. ಒಳ್ಳೆಯ ವಾಸನೆಯೇ ಇತ್ತು, ಆದರೂ ಆ ಬಣ್ಣ ಕಂಡು ಸುನಂದಮ್ಮನ ಎದೆ ಅಳುಕಿತು. ಸತ್ತವಳಿಗೆ ಇಕ್ಕುವ ಎಡೆ, ಆಮೇಲೆ ಕೂಸು ತಿನ್ನುವುದು. ಮಡಿಯಾಗಿರಬೇಕು. ಒಂದು ಚೂರು ನಂಜೂ ಉಳಿಯಬಾರದು. ಅಲ್ಲಿಂದ ಮುಂದೆ ಯೋಚನೆ ಅವಳದಾಗಿರಲಿಲ್ಲ, ಕೈಗಳದಾಗಿತ್ತು. ಕೈಗಳು ತುಂಡುಗಳನ್ನಷ್ಟೇ ಬೋಗುಣಿಗೆ ಎತ್ತಿ ಹಾಕಿದವು. ಉಪ್ಪು ಅರಿಸಿನದ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದವು, ಮೂರು ಸಲವಲ್ಲ, ಇವತ್ತಿನ ವಿಶೇಷಕ್ಕೆಂದು ಐದು ಸಲ. ಅರಿಸಿನ ಹಾಕುವುದು ಮಸಾಲೆ ಹಾಕಿದಂತಲ್ಲ, ತೊಳೆದಂತೆಯೇ. ಮಗನಿಗೆ ಕೊಟ್ಟ ಮಾತೇನೂ ಮುರಿಯಲಿಲ್ಲ. ಸೀಬೆಯ ಎಳೆ ಎಲೆ ಕಿತ್ತು ತಂದು ಪಾತ್ರೆಗೆ ಹಾಕಿ, ನೀರಿಟ್ಟು ಕುದಿಸಿದವು. ನೊರೆ ಬಂತು, ತೆಗೆದಳು. ಮತ್ತೆ ಬಂತು, ಮತ್ತೆ ತೆಗೆದಳು. ಒಲೆಯ ಮುಂದೆ ಕೂತು ಅವಳು ಸೊಸೆಯೊಡನೆ ಮಾತಾಡುತ್ತಿದ್ದಳು: ನೋಡು, ನಿನಗಾಗಿ ಎಷ್ಟು ಚೊಕ್ಕಟ ಮಾಡುತ್ತಿದ್ದೇನೆ, ಇನ್ನೂ ಸಿಟ್ಟೇನೆ? ಹಿತ್ತಲ ಬಾಗಿಲಿಂದ ಹೋಗಿ, ತೊಳೆದ ಐದು ನೀರನ್ನೂ ಕುದಿಸಿ ಬಸಿದ ನೀರನ್ನೂ, ಡಬ್ಬಿಯ ತಳದ ಕರಿಗಂದು ರಸವನ್ನೂ ಸೀಬೆ ಮರದ ಬುಡಕ್ಕೆ ಸುರಿದಳು. ಹಿಂದಿನಿಂದ ಬಂದು ಕೈ ಹಿಡಿಯಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಬಾಣಲೆಗೆ ತುಂಡು ಹಾಕಿದಳು. ಸೊಸೆ ಮಾಡುವಾಗ ಬಾಗಿಲಲ್ಲಿ ನಿಂತು ನೋಡಿದ್ದು ಅವಳಿಗೆ ನೆನಪಿತ್ತು. ಮೊದಲು ರಸ ಬಿಟ್ಟುಕೊಳ್ಳುತ್ತದೆ, ಆಮೇಲೆ ಇಂಗುತ್ತದೆ, ಆಮೇಲೆ ಮಿರುಗುತ್ತದೆ. ಕಾದಳು. ರಸ ಬರಲಿಲ್ಲ. ಒಂದಿಷ್ಟು ಕೊಬ್ಬು ಕರಗಿತು, ಅಷ್ಟೆ. ಉರಿ ಸಾಲದೇನೋ ಎಂದು ಸೌದೆ ಮುಂದಕ್ಕೆ ತಳ್ಳಿದಳು. ತುಂಡುಗಳು ಬೆಳ್ಳಗೆ, ಅಲ್ಲಲ್ಲಿ ಅರಿಸಿನದ ಹಳದಿಯಾಗಿ, ಒಗೆದು ಹಿಂಡಿದ ಬಟ್ಟೆಯಂತೆ ಮುದುಡಿಕೊಂಡು ಕೂತಿದ್ದವು. ಸೌಟಿನಿಂದ ಹೊರಳಿಸಿದಳು, ಇನ್ನೊಮ್ಮೆ ಹೊರಳಿಸಿದಳು. ಎಲ್ಲಿ ಹೋಯಿತು ಆ ಬೆಲ್ಲದ ಬಣ್ಣ? ಸೌಟು ಕೈಯಲ್ಲೇ ನಿಂತಿತು. ರುಚಿಯೆಲ್ಲಾ ಆ ನೀರ್ನಾಗೇ ಇರಾದು ಅತ್ತೆ. ಹನ್ನೊಂದು ವರ್ಷ ಕೇಳಿದ ಮಾತು ಆಗ ಮೊದಲ ಸಲ ಅವಳ ಕಿವಿಗೆ ಬಿತ್ತು.

ಸೀಬೆ ಮರದ ಬುಡಕ್ಕೆ ಓಡಿದಳು. ಅರವತ್ತೆರಡರ ಮಂಡಿ ಓಡುವ ಮಂಡಿಯಲ್ಲ, ಆದರೂ ಓಡಿದಳು. ಮಣ್ಣು ಎಲ್ಲವನ್ನೂ ಕುಡಿದಿತ್ತು. ಕಪ್ಪು ಕಲೆಯ ಮೇಲೆ ನಾಲ್ಕು ಗುಳ್ಳೆ, ಒಂದಿಷ್ಟು ಕೆಂಚು ಸಿಪ್ಪೆ. ಅದನ್ನು ನೋಡುತ್ತ ನಿಂತವಳಿಗೆ ಒಳಗೆ ಸೀಯುವ ವಾಸನೆ ಬಂದು ಮತ್ತೆ ಓಡಬೇಕಾಯಿತು. ಕಪಾಟಿನಲ್ಲಿ ಪವಿತ್ರಳ ಸೋಯಾ ಬಾಟಲಿ ಹುಡುಕಿ ತೆಗೆದಳು. ತಳದಲ್ಲಿ ಒಣಗಿದ ಕರಿ ಹಕ್ಕಳೆ. ಬಿಸಿನೀರು ಹಾಕಿ ಕುಲುಕಿ ಸುರಿದಳು. ಬೆಲ್ಲ ಕೆರೆದು ಹಾಕಿದಳು, ಮೆಣಸು ಕುಟ್ಟಿ ಹಾಕಿದಳು, ಶುಂಠಿ ಜಜ್ಜಿ ಹಾಕಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇಂಥವರಿಗೇ. ಏನು ಹಾಕಿದರೂ ಅದು ಅವಳ ಅಡುಗೆಯೇ ಆಗುತ್ತಿತ್ತು. ಸರಿಯಾಯಿತೋ ಇಲ್ಲವೋ ನೋಡಲು ನಾಲಿಗೆಗೆ ಹಚ್ಚುವಂತೆಯೂ ಇಲ್ಲ. ಹಚ್ಚಿದರೂ, ಯಾವುದರ ಹಾಗೆ ಆಗಬೇಕೆಂದು ಆ ನಾಲಿಗೆಗೆ ಎಂದೂ ಗೊತ್ತಿರಲಿಲ್ಲ.

ಮಧ್ಯಾಹ್ನಕ್ಕೆ ನಟರಾಜು ಬಂದ. ಬ್ಯಾರನ್ನಿಗೆ ಪಕ್ಕದ ಹೊಲದವನನ್ನು ಕಾವಲು ಬಿಟ್ಟು, ಮಿಂದು, ಮದುವೆಯಲ್ಲಿ ಉಟ್ಟ ಪಂಚೆ ಉಟ್ಟುಕೊಂಡು ಬಂದಿದ್ದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಮುಖ ಕ್ಷೌರ ಮಾಡಿಕೊಂಡಿದ್ದ. ಗೋಡೆಯ ಮೇಲಿನ ಪ್ಲಾಸ್ಟರ್ ಕಂಡು, “ಇದುನ್ನ ಇಲ್ಲೇ ಮಡ್ಗು ಅವ್ವ, ಚೆನ್ನಾಗ್ ಕಾಣ್ತದೆ” ಎಂದ.

ಸುನಂದಮ್ಮ, “ಲೇ ನಟ್ರಾಜ” ಎಂದಳು.

“ಏನವ್ವ?”

ಅವನ ಮುಖದಲ್ಲಿ ಹಸಿವಿತ್ತು. ಊಟದ ಹಸಿವೂ ಹೌದು, ಅದಕ್ಕಿಂತ ಬೇರೆಯದೂ ಹೌದು. ಅದನ್ನು ಕಂಡ ಮೇಲೆ ಅವಳ ಬಾಯಿಂದ, “ಏನಿಲ್ಲ, ಎಲೆ ಆಸು” ಎಂದಷ್ಟೇ ಬಂತು.

ಎರಡು ಫೋಟೋದ ಮುಂದೆ ಎರಡು ಎಲೆ. ಮಹದೇವಪ್ಪನಿಗೆ ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ. ಪವಿತ್ರಳಿಗೆ ಹೊಸ ಸೀರೆ, ಹಸಿರು ಬಳೆ, ಅನ್ನ, ನಡುವೆ ಆ ಬಾಡು. ಧೂಪ ಹಾಕಿ, ಕಾಯಿ ಒಡೆದು, ಮೂವರೂ ಅಡ್ಡಬಿದ್ದು, ಕ್ರಮದಂತೆ ಹೊರಗೆ ಬಂದು ಬಾಗಿಲೆಳೆದುಕೊಂಡರು. ಬದುಕಿರುವವರ ಕಣ್ಣ ಮುಂದೆ ಸತ್ತವರು ಉಣ್ಣುವುದಿಲ್ಲ. ಬಂದು ಉಂಡು ಹೋಗಲು ಅವರಿಗೆ ಒಂದಿಷ್ಟು ಹೊತ್ತು ಬಿಡಬೇಕು.

ಜಗಲಿಯಲ್ಲಿ ಫ್ರಿಜ್ಜಿಗೆ ಒರಗಿ ಚಿನ್ನು ಕೂತಳು. “ಅಮ್ಮ ಈಗ ಬಂದವ್ಳಾ ಅಪ್ಪ?”

“ಬಂದಿರ್ತಾಳೆ. ಸುಮ್ಕಿರು.”

“ಜುಮ್ ಅಂತಿರ್ತದೆ ಅವ್ಳ್ಗೆ” ಎಂದು ಹುಡುಗಿ ನಾಲಿಗೆ ಹೊರಚಾಚಿ ನಕ್ಕಳು. ನಟರಾಜುವೂ ನಕ್ಕ. ಅಪ್ಪ ಮಗಳು ಒಟ್ಟಿಗೆ ನಕ್ಕದ್ದನ್ನು ಆ ಜಗಲಿ ಮರೆತೇಬಿಟ್ಟಿತ್ತು. ಸುನಂದಮ್ಮ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಎಡೆಯ ದಿನ ಯಾರೂ ಬೇಡದಂಥದ್ದನ್ನು ಅವಳು ಬೇಡುತ್ತಿದ್ದಳು: ಇವತ್ತೊಂದು ದಿನ ಬರಬೇಡ ಕಣೆ. ಬಂದರೂ ಎಲೆ ಮುಟ್ಟಬೇಡ. ಬೇರೆ ಯಾರ ಮನೆಯಲ್ಲಾದರೂ ಉಂಡು ಹೋಗು.

ನಟರಾಜು ಎದ್ದು ಮೂರು ಸಲ ಬಾಗಿಲು ತಟ್ಟಿ ತೆಗೆದ. ಎಡೆಯಲ್ಲಿದ್ದುದನ್ನು ಮಗಳಿಗೆ ಬಡಿಸಿ, ತಾನೂ ಇಕ್ಕಿಕೊಂಡ. ಚಿನ್ನು ಇದ್ದುದರಲ್ಲಿ ದೊಡ್ಡ ತುಂಡನ್ನು ಆರಿಸಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಗಿದಳು. ಕಾದಳು. ಇನ್ನೊಂದು ತುಂಡು ಇಟ್ಟುಕೊಂಡು ಮತ್ತೆ ಕಾದಳು. ನಟರಾಜು ಒಂದೇ ತುತ್ತು ಅಗಿದು ದವಡೆ ನಿಲ್ಲಿಸಿದ. ತಲೆಯೆತ್ತಿ ತಾಯಿಯನ್ನು ನೋಡಿದ.

“ಬಸ್ದ್ಯಾ ಅವ್ವ?”

“ಬಸ್ದೆ ಕಣಪ್ಪ” ಎಂದಳು ಸುನಂದಮ್ಮ. “ಕೈ... ನಂಗ್ ತಿಳೀದಂಗೇ...”

ಅವನು ಬೈಯಲಿಲ್ಲ. ಎಲೆ ಎತ್ತಿ ಎಸೆದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ, ಎಲೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ, ತಲೆ ಬಗ್ಗಿಸಿಕೊಂಡು ತಿಂದು ಮುಗಿಸಿದ. ಆಮೇಲೆ ಪಂಚೆ ಬಿಚ್ಚಿ ಹಳೇ ಲುಂಗಿ ಸುತ್ತಿಕೊಂಡು, “ಬೆಂಕಿ ನೋಡ್ಬೇಕು” ಎಂದು ಬ್ಯಾರನ್ನಿನ ಕಡೆ ನಡೆದ. ಈ ನಾಲ್ಕು ತಿಂಗಳಲ್ಲಿ ತಾನೇ ಕ್ಯಾಂಪಿಗೆ ಹೋಗಿ ಅದೇ ಬಾಟಲಿ, ಅದೇ ಸಿಪ್ಪೆ ತಂದು ಎರಡು ಸಲ ಮಾಡಿ ನೋಡಿದ್ದ ಅವನು, ಸೋತು, ಉಳಿದದ್ದನ್ನು ಎಸೆದಿದ್ದ. ಅಳತೆ ಅವಳ ಕೈಯಲ್ಲಿತ್ತು, ಕೈ ಹೊಲದ ಮೂಲೆಯಲ್ಲಿತ್ತು. ಕಲಿಸಿದ ಮುದುಕಿಯೂ ಮಕ್ಕಳ ಜೊತೆ ಯಾವುದೋ ದೇಶಕ್ಕೆ ಹೋಗಿ ವರ್ಷಗಳಾಗಿದ್ದವು.

ಚಿನ್ನು ಇನ್ನೂ ಎಲೆಯ ಮುಂದೆಯೇ ಇದ್ದಳು. ಬೆರಳು ನೆಕ್ಕಿ ನೋಡಿದಳು. ಅಮ್ಮನ ಫೋಟೋದ ಕಡೆ ನೋಡಿದಳು, ಮುಚ್ಚಿ ತೆಗೆದ ಬಾಗಿಲಿನ ಕಡೆ ನೋಡಿದಳು. ಅವಳ ಪುಟ್ಟ ತಲೆಯಲ್ಲಿ ಏನೋ ಲೆಕ್ಕ ಕೂಡಿಕೊಂಡಿತು.

“ಜುಮ್ ಅನ್ನಕಿಲ್ಲ ಅಜ್ಜಿ. ಅಮ್ಮ ಬಂದು ಜುಮ್ನೆಲ್ಲಾ ತಿಂದ್ಕಂಡು ಒಂಟೋದ್ಲಾ?”

ಸುನಂದಮ್ಮ ಬಾಯಿ ತೆರೆದಳು.

“ನಂಗ್ ಒಂಚೂರೂ ಬುಟ್ಟಿಲ್ಲ” ಎಂದಳು ಚಿನ್ನು. ಅಳಲಿಲ್ಲ. ತುಟಿ ಮಾತ್ರ ಕೆಳಕ್ಕೆ ಜಾರಿತು. “ಎಲ್ಲಾ ಅವ್ಳೇ ತಿಂದ್ಬುಟ್ಲು ಅಲ್ವಾ?”

ನಾನು ಚೆಲ್ಲಿದೆ ಎಂದರೆ ಮುಗಿಯುತ್ತಿತ್ತು. ಎರಡೇ ಮಾತು. ಆದರೆ ಈ ಮನೆಯಲ್ಲಿ ಅವಳಿಗೆ ಉಳಿದಿರುವುದು ಈ ಒಂದು ಮಗು. ಮಗ ಬ್ಯಾರನ್ನಿಗೆ ನಡೆದ ರೀತಿ ನೋಡಿದರೆ ಅವನು ಇನ್ನು ಅಷ್ಟು ಸುಲಭವಾಗಿ ಮುಖ ಕೊಟ್ಟು ಮಾತಾಡುವವನಲ್ಲ. ಈ ಕಣ್ಣುಗಳೂ ಹಾಗೆಯೇ ತಿರುಗಿಬಿಟ್ಟರೆ? ಸುನಂದಮ್ಮನಿಗೆ ಹೆದರಿಕೆಯಾಯಿತು.

“ಊಂ ಕಣವ್ವ” ಎಂದಳು. “ಅವ್ಳ್ಗೂ ಅಸ್ವಾಗಿತ್ತು.”

ಹನ್ನೊಂದು ವರ್ಷ ಮನೆಯಲ್ಲಿ ಹಾಲು ಒಡೆದರೂ ಅದನ್ನು ಸೊಸೆಯ ತಲೆಗೆ ಕಟ್ಟಿದವಳು, ಸತ್ತ ಮೇಲೂ ಒಂದನ್ನು ಕಟ್ಟಿದಳು. ಇದಕ್ಕೆ ಎದುರುತ್ತರ ಕೊಡಲು ಪವಿತ್ರ ಇರಲಿಲ್ಲ. ಚಿನ್ನು ತಲೆಯಾಡಿಸಿ, ಎಲೆ ಮಡಚಿ ಎದ್ದಳು. ಫೋಟೋದ ಮುಂದೆ ಹಾಯುವಾಗ ದಿನಾ ಮಾಡುತ್ತಿದ್ದಂತೆ ಗಾಜಿಗೆ ಕೈ ಸೋಕಿಸಲಿಲ್ಲ.

ಇಳಿಹೊತ್ತಿನಲ್ಲಿ ಸುನಂದಮ್ಮ ಬಾಣಲೆ ತಿಕ್ಕಲು ಹಿತ್ತಲಿಗೆ ಹೋದಳು. ಸೀಬೆ ಬುಡದಲ್ಲಿ ಇರುವೆ ಕಟ್ಟಿತ್ತು. ಕಾಕನಕೋಟೆಯ ಜೇನುತುಪ್ಪವನ್ನು ಅವು ಹುಡುಕಿಕೊಂಡಿದ್ದವು. ಕಪ್ಪು ಕಲೆಯ ಸುತ್ತ ಸಾಲುಸಾಲಾಗಿ ಬಂದು, ಅವಳು ಬೆಳಿಗ್ಗೆ ಸುರಿದದ್ದನ್ನು ಹೊತ್ತು ಹೋಗುತ್ತಿದ್ದವು. ಅವಳು ಕುಕ್ಕರುಗಾಲಿನಲ್ಲಿ ಕೂತಳು. ಸುತ್ತ ನೋಡಿದಳು. ಬೆರಳನ್ನು ಒದ್ದೆ ಮಣ್ಣಿಗೆ ಒತ್ತಿದಳು, ಒಂದೆರಡು ಕೆಂಚು ಸಿಪ್ಪೆ ಅಂಟಿಕೊಂಡು ಬಂದವು. ನಂಜುಂಡ ನೆನಪಾದ, ಕೂಸಾಗಿದ್ದ ಮಗನ ಕಣ್ಣು ಮೇಲೆ ಸಿಕ್ಕಿಕೊಂಡದ್ದು ನೆನಪಾಯಿತು. ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು.

ಮೊದಲು ಮಣ್ಣು, ಅರಿಸಿನ. ಆಮೇಲೆ ಉಪ್ಪು, ಎಲ್ಲೋ ಆಳದಲ್ಲಿ ಸಿಹಿ, ಶುಂಠಿ. ಆಮೇಲೆ ನಾಲಿಗೆಯ ತುದಿಯಿಂದ ಶುರುವಾಗಿ, ತುಟಿಗೆ, ವಸಡಿಗೆ ಹರಡುತ್ತ, ಜುಮ್ಮೆಂದಿತು. ಸುನಂದಮ್ಮನ ಕಣ್ಣಿಂದ ನೀರು ದಳದಳ ಇಳಿಯಿತು. ಇಷ್ಟು ಚೆನ್ನಾಗಿತ್ತೇನೆ, ಇಷ್ಟು ಚೆನ್ನಾಗಿ ಮಾಡುತ್ತಿದ್ದೆಯೇನೆ ಎಂದು ಅವಳು ಮರದ ಬುಡಕ್ಕೆ ಕೇಳಿದಳು. ಚಿನ್ನುವನ್ನು ಕೂಗಬೇಕೆನಿಸಿತು. ಬಾ, ಇಲ್ಲಿದೆ, ನಿನ್ನಮ್ಮ ಎಲ್ಲೂ ತಿಂದುಕೊಂಡು ಹೋಗಿಲ್ಲ, ಇಲ್ಲೇ ಇದೆ ಎನ್ನಬೇಕೆನಿಸಿತು. ಎಂಟು ವರ್ಷದ ಮಗುವಿಗೆ ಮರದ ಬುಡದ ಮಣ್ಣು ತಿನ್ನು ಎಂದು ಯಾವ ಬಾಯಲ್ಲಿ ಹೇಳುವುದು?

ಕೂಗದಿದ್ದರೂ ಚಿನ್ನು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. “ಏನ್ ತಿಂತಿದ್ದೀಯಜ್ಜಿ?”

“ಏನಿಲ್ಲ ಕಣವ್ವ. ಒಳಿಕ್ ನಡಿ, ಬತ್ತೀನಿ.”

ಹುಡುಗಿ ಒಳಗೆ ಹೋದಳು. ಸುನಂದಮ್ಮ ಎದ್ದು, ನಾಯಿ ಬಂದು ಕೆದಕದಿರಲಿ ಎಂದು ಒಲೆಯ ಬೂದಿ ತಂದು ಆ ಜಾಗದ ಮೇಲೆ ಹರಡಿ ಕಾಲಿನಿಂದ ಒತ್ತಿದಳು. ನಾಲಿಗೆಯ ಜುಮ್ಮು ಇಳಿಯುವವರೆಗೆ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದಳು. ಅದು ಬಹಳ ಹೊತ್ತೇನೂ ಇರಲಿಲ್ಲ.